ಕಾಯಿಲೆಯ ಕಾಲದಲ್ಲಿ ನಮ್ಮ ಜೊತೆಗಿದ್ದವರಿಗೆ ಕೃತಜ್ಞತೆ ಹೇಳುವುದು ಹೇಗೆ?

ವಿಷಯ ಆರಂಭಿಸಿದವರು

ಬಳಗದ ಎಲ್ಲ ಸದಸ್ಯರಿಗೂ ನಮಸ್ಕಾರ. ನನ್ನ ಪತಿಗೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ತೀವ್ರ ಸ್ವರೂಪದ ರಕ್ತದ ಕ್ಯಾನ್ಸರ್ ಇದೆಯೆಂದು ಗೊತ್ತಾದ ದಿನದಿಂದ ಹಿಡಿದು, ಅಸ್ಥಿಮಜ್ಜೆಯ, ಅಂದರೆ ಮೂಳೆಯೊಳಗೆ ರಕ್ತಕಣಗಳನ್ನು ತಯಾರಿಸುವ ತಿರುಳಿನ, ಕಸಿ ಮುಗಿಸಿಕೊಂಡು ಮನೆಗೆ ಮರಳಿ, ಈಗ ಯಾರ ಆಸರೆಯೂ ಇಲ್ಲದೆ ಮೆಟ್ಟಿಲು ಹತ್ತಿ ಇಳಿಯುವಷ್ಟು ಚೇತರಿಸಿಕೊಳ್ಳುವವರೆಗೆ ನಿಮ್ಮಲ್ಲಿ ಎಷ್ಟೋ ಜನ ನಮ್ಮ ಬೆನ್ನಿಗೆ ನಿಂತಿರಿ. ರೋಗ ಸದ್ಯಕ್ಕೆ ಹತೋಟಿಯಲ್ಲಿದೆ ಎಂದು ವೈದ್ಯರು ಹೇಳಿದ್ದಾರೆ. ಅದಕ್ಕಿಂತ ಹೆಚ್ಚಿನ ಭರವಸೆಯನ್ನು ಅವರು ಕೊಟ್ಟಿಲ್ಲ, ನಾವೂ ಒತ್ತಾಯಿಸಿ ಕೇಳಿಲ್ಲ. ಪೂರ್ತಿ ಗುಣವಾದ ಮೇಲೆ ಬರೆಯೋಣವೆಂದು ಕಾದರೆ ಬರೆಯುವ ದಿನವೇ ಮುಂದೆ ಮುಂದೆ ಹೋಗುತ್ತದೆ ಎನಿಸಿದ್ದರಿಂದ ಈಗಲೇ ಬರೆಯುತ್ತಿದ್ದೇನೆ.

"ನಿಮ್ಮ ಉಪಕಾರವನ್ನು ಮರೆಯಲಾರೆ" ಎಂದು ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ಯಾವ ಸಹಾಯ ಏಕೆ ಅಷ್ಟು ದೊಡ್ಡದಾಯಿತು ಎಂಬುದು ಎಷ್ಟೋ ಸಲ ಮಾಡಿದವರಿಗೇ ತಿಳಿದಿರುವುದಿಲ್ಲ. ಅದನ್ನು ಬಿಡಿಸಿ ಹೇಳುವುದೇ ಸರಿಯಾದ ಕೃತಜ್ಞತೆ ಎಂದು ನನಗೆ ತೋರುತ್ತದೆ, ಹಾಗಾಗಿ ಬರಹ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಈ ಕಾಯಿಲೆಗೆ ಮೊದಲ ಹಂತದಲ್ಲಿ ಸಾಮಾನ್ಯವಾಗಿ ಏಳು ದಿನ ಸೈಟರಾಬಿನ್, ಅದರಲ್ಲಿ ಮೂರು ದಿನ ಡೌನೋರುಬಿಸಿನ್ ಎಂಬ ಔಷಧಗಳನ್ನು ಕೊಡುತ್ತಾರೆ. ಔಷಧ ನಿಂತ ಮೇಲೆಯೇ ನಿಜವಾದ ಕಷ್ಟ ಶುರುವಾಗುತ್ತದೆ. ಕೆಟ್ಟ ಕೋಶಗಳ ಜೊತೆಗೆ ಒಳ್ಳೆಯ ಕೋಶಗಳೂ ನಾಶವಾಗಿ, ಮಜ್ಜೆ ಮತ್ತೆ ಕೆಲಸ ಆರಂಭಿಸುವವರೆಗೆ, ಅಂದರೆ ಮೂರು ನಾಲ್ಕು ವಾರಗಳ ಕಾಲ, ರೋಗಿಯ ದೇಹದಲ್ಲಿ ಸೋಂಕನ್ನು ತಡೆಯುವ ಬಿಳಿಕಣಗಳೂ ಇರುವುದಿಲ್ಲ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳೂ ಇರುವುದಿಲ್ಲ. ಆರೋಗ್ಯವಂತರ ರಕ್ತದಲ್ಲಿ ಪ್ರತಿ ಮೈಕ್ರೋಲೀಟರಿಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕಾದ ಪ್ಲೇಟ್‌ಲೆಟ್ ಹತ್ತು ಸಾವಿರಕ್ಕಿಂತ ಕೆಳಗೆ ಇಳಿದರೆ, ರಕ್ತಸ್ರಾವ ಕಣ್ಣಿಗೆ ಕಾಣದಿದ್ದರೂ ಮುನ್ನೆಚ್ಚರಿಕೆಯಾಗಿ ಹೊರಗಿನಿಂದ ಕೊಡಲೇಬೇಕಾಗುತ್ತದೆ. ಆ ವಾರಗಳಲ್ಲಿ ಬೆಳಿಗ್ಗೆ ರಕ್ತಪರೀಕ್ಷೆಯ ವರದಿ ಬರುವವರೆಗೂ ನಾನು ಉಸಿರು ಬಿಗಿಹಿಡಿದು ಕುಳಿತಿರುತ್ತಿದ್ದೆ.

ಪ್ಲೇಟ್‌ಲೆಟ್ ಬಾವಿಯಿಂದ ಸೇದಿ ಹಂಡೆಯಲ್ಲಿ ತುಂಬಿಡುವ ನೀರಿನಂಥದ್ದಲ್ಲ. ಕೆಂಪುಕಣಗಳನ್ನು ಶೀತಕದಲ್ಲಿ ಐದಾರು ವಾರ ಇಡಬಹುದು. ಪ್ಲೇಟ್‌ಲೆಟ್‌ಗಳನ್ನು 20ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನಿಧಾನವಾಗಿ ಅಲುಗಾಡಿಸುತ್ತಲೇ ಇಡಬೇಕು, ಆದರೂ ಸಾಮಾನ್ಯವಾಗಿ ಐದು ದಿನಗಳಾದ ಮೇಲೆ ಅವು ಬಳಕೆಗೆ ಬರುವುದಿಲ್ಲ. ಒಂದೇ ದಿನ ಐವತ್ತು ಜನ ಬಂದು ಕೊಟ್ಟುಹೋದರೆ ನಮ್ಮ ಅಗತ್ಯ ತೀರುತ್ತಿರಲಿಲ್ಲ. ಇವತ್ತು ಒಬ್ಬರು, ಎರಡು ದಿನ ಬಿಟ್ಟು ಇನ್ನೊಬ್ಬರು, ಹೀಗೆ ಸಾಲಾಗಿ ಬರುವವರು ಬೇಕಿತ್ತು.

ಮನೆಯವರು ಕೊಡಬಾರದೇ ಎಂದು ಅನೇಕರು ಕೇಳಿದ್ದೀರಿ. ನನ್ನ ಮೈದುನ ಮೊದಲ ದಿನವೇ ತೋಳು ಚಾಚಿ ನಿಂತಿದ್ದರು. ಆದರೆ ಮುಂದೆ ಮಜ್ಜೆ ಕೊಡಬಹುದಾದ ರಕ್ತಸಂಬಂಧಿಗಳ ರಕ್ತವನ್ನು ಮೊದಲೇ ಕೊಟ್ಟುಬಿಟ್ಟರೆ ರೋಗಿಯ ದೇಹ ಅವರ ಜೀವಕೋಶಗಳನ್ನು ಶತ್ರುವೆಂದು ಗುರುತಿಟ್ಟುಕೊಂಡು, ಕಸಿಯನ್ನೇ ತಿರಸ್ಕರಿಸುವ ಅಪಾಯವಿರುತ್ತದೆ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರಿಗೂ ಪೂರ್ಣವಾಗಿ ಹೊಂದಾಣಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಮಾತ್ರ. ಆ ಒಂದು ಪಾಲು ಉಳಿದಿರಲಿ ಎಂದು ಮನೆಯವರನ್ನೆಲ್ಲ ದೂರ ಕೂರಿಸಿದರು. ಪ್ರಾಣಕ್ಕೆ ಪ್ರಾಣ ಕೊಡುವವರು ಕೈಕಟ್ಟಿ ಕುಳಿತಿರಬೇಕಾದ ಹೊತ್ತಿನಲ್ಲಿ, ನನ್ನ ಪತಿಯ ಮುಖವನ್ನೇ ನೋಡಿರದ ಜನ ಒಬ್ಬರಾದ ಮೇಲೆ ಒಬ್ಬರಂತೆ ಬಂದು ಯಂತ್ರದ ಪಕ್ಕದಲ್ಲಿ ಕುಳಿತರು.

ಅವರನ್ನು ಸಾಲಾಗಿ ಕರೆತಂದದ್ದು ನಮ್ಮ ಬಳಗದ ನಿವೃತ್ತ ಶಿಕ್ಷಕಿಯೊಬ್ಬರು. ತಮ್ಮ ಹೆಸರು ಹೇಳಬಾರದೆಂದು ಅವರು ಆಜ್ಞೆಯನ್ನೇ ಮಾಡಿದ್ದಾರೆ, ಮೀರುವ ಧೈರ್ಯ ನನಗಿಲ್ಲ. ಅವರ ಬಳಿ ಗೆರೆ ಎಳೆದ ಒಂದು ದೊಡ್ಡ ಹಾಳೆ ಇತ್ತು. ದಾನಿಯ ಹೆಸರು, ರಕ್ತದ ಗುಂಪು, ಹಿಂದಿನ ಸಲ ಕೊಟ್ಟ ದಿನಾಂಕ, ಆಸ್ಪಿರಿನ್ ಮಾತ್ರೆಯನ್ನು ಕೊನೆಯದಾಗಿ ಯಾವಾಗ ತೆಗೆದುಕೊಂಡಿದ್ದರು ಎಂಬ ವಿವರ, ಇವಿಷ್ಟು ಅದರಲ್ಲಿದ್ದವು. ಕೊನೆಯ ಕಾಲಂ ಏಕೆಂದರೆ ಆಸ್ಪಿರಿನ್ ಸೋಕಿದ ಪ್ಲೇಟ್‌ಲೆಟ್ ತನ್ನ ಆಯುಷ್ಯವಿರುವವರೆಗೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಒಬ್ಬರು ಬೇಕಿದ್ದಾಗ ಅವರು ಇಬ್ಬರಿಗೆ ಹೇಳುತ್ತಿದ್ದರು, ಎರಡನೆಯವರಿಗೆ "ಕಾದಿರಿ, ಬೇಡವಾದರೆ ರಾತ್ರಿಯೊಳಗೆ ತಿಳಿಸುತ್ತೇನೆ" ಎಂದು ಮುಂಚಿತವಾಗಿ ತಿಳಿಸುತ್ತಿದ್ದರು, ತಿಳಿಸುತ್ತಲೂ ಇದ್ದರು. ಈ ಯಾವುದರಲ್ಲಿಯೂ ನನ್ನನ್ನು ಅವರು ಒಂದು ಮಾತೂ ಕೇಳಲಿಲ್ಲ. ಕೇಳದೆ ಇದ್ದದ್ದೇ ದೊಡ್ಡ ಉಪಕಾರ.

ಇದನ್ನು ಒತ್ತಿ ಹೇಳುತ್ತೇನೆ. "ಏನಾದರೂ ಬೇಕಿದ್ದರೆ ಹೇಳಿ" ಎಂಬುದು ತುಂಬು ಮನಸ್ಸಿನಿಂದ ಬಂದ ಮಾತೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಏನು ಬೇಕೆಂದು ಯೋಚಿಸಿ, ಯಾರಿಗೆ ಯಾವುದು ಹೊರೆಯಾಗದು ಎಂದು ಅಳೆದು, ಸಂಕೋಚ ಬಿಟ್ಟು ಬಾಯಿ ತೆರೆಯುವ ಕೆಲಸವಷ್ಟೂ ಆ ಮಾತಿನಿಂದ ಮತ್ತೆ ನನ್ನ ತಲೆಯ ಮೇಲೆಯೇ ಬೀಳುತ್ತಿತ್ತು. "ಗುರುವಾರ ಸಂಜೆ ಮಗಳನ್ನು ಶಾಲೆಯಿಂದ ನಾನು ಕರೆತರುತ್ತೇನೆ, ಬೇಡವಾದರೆ ಮಾತ್ರ ತಿಳಿಸಿ" ಎಂದವರೂ ಇದ್ದರು. ಊಟ ತಂದವರೊಬ್ಬರು ಡಬ್ಬಿಯ ಮುಚ್ಚಳದ ಮೇಲೆ ಬೇಯಿಸಿದ ಗಳಿಗೆಯನ್ನೂ "ಡಬ್ಬಿ ವಾಪಸು ಬೇಡ" ಎಂಬುದನ್ನೂ ಬರೆದು ಅಂಟಿಸಿದ್ದರು. ಬಿಳಿಕಣವಿಲ್ಲದ ರೋಗಿಗೆ ತಾಸುಗಟ್ಟಲೆ ಹೊರಗಿಟ್ಟ ಆಹಾರ ಅಪಾಯಕಾರಿ ಎಂಬುದನ್ನು ಅವರು ಯಾರಲ್ಲೋ ಕೇಳಿ ತಿಳಿದುಕೊಂಡಿದ್ದರು. ಡಬ್ಬಿ ತೊಳೆದು, ಯಾರದು ಯಾವುದೆಂದು ನೆನಪಿಟ್ಟು ಹಿಂದಿರುಗಿಸುವುದು ಆ ದಿನಗಳಲ್ಲಿ ನನಗೆ ಪರ್ವತ ಎತ್ತಿದಂತೆ ಎಂಬುದು ಅವರಿಗೆ ಹೇಗೆ ಹೊಳೆಯಿತೋ ಕಾಣೆ.

ನನ್ನ ಪ್ರಶ್ನೆ ಇಷ್ಟು. ಹೆಸರು ಗೊತ್ತಿರುವವರಿಗೆ ಹೇಗೋ ಹೇಳಬಹುದು. ಗೊತ್ತಿಲ್ಲದವರಿಗೆ, ಗೊತ್ತಿದ್ದೂ ಹೇಳಿಸಿಕೊಳ್ಳಲು ಒಪ್ಪದವರಿಗೆ ಕೃತಜ್ಞತೆಯನ್ನು ಮುಟ್ಟಿಸುವುದು ಹೇಗೆ? ಇಂಥ ದಾರಿಯಲ್ಲಿ ನಡೆದವರು ನಿಮ್ಮಲ್ಲಿ ಇದ್ದೀರಿ, ನೀವೇನು ಮಾಡಿದಿರಿ ಎಂದು ತಿಳಿಯುವ ಆಸೆ.

ರಕ್ತನಿಧಿಯಲ್ಲಿ ಕೆಲಸ ಮಾಡುವ ಸದಸ್ಯರು

ನಿಮ್ಮ ಪತಿಯವರ ಸುದ್ದಿ ಓದಿ ಸಂತೋಷವಾಯಿತು. ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಕೆಲಸದ ಮೇಜಿನಿಂದಲೇ ಉತ್ತರಿಸುತ್ತೇನೆ.

ದಾನಿಯ ಹೆಸರನ್ನು ರೋಗಿಯ ಕಡೆಯವರಿಗೂ, ರೋಗಿಯ ಹೆಸರನ್ನು ದಾನಿಗೂ ತಿಳಿಸದಿರುವುದು ಬಹುತೇಕ ಕಡೆ ಪಾಲಿಸುವ ನಿಯಮ, ಮತ್ತು ಅದು ಒಳ್ಳೆಯ ನಿಯಮ. ಆದರೂ ಹೆಸರು, ವಿಳಾಸಗಳಿಲ್ಲದ ಪತ್ರವನ್ನು ದಾನಿಗೆ ತಲುಪಿಸಲು ಅನೇಕ ರಕ್ತಕೇಂದ್ರಗಳು ಒಪ್ಪುತ್ತವೆ, ನೀವು ಕೇಳಿ ನೋಡಿ. ಪತ್ರದಲ್ಲಿ ದೊಡ್ಡ ಮಾತುಗಳು ಬೇಕಾಗಿಲ್ಲ. ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾರೆ ಎಂದು ನೀವು ಇಲ್ಲಿ ಬರೆದಿರುವ ಒಂದು ವಾಕ್ಯವೇ ಸಾಕು.

ಆ ದಾನಿಗಳು ಏನು ಮಾಡಿದರು ಎಂಬುದನ್ನೂ ಹೇಳಬೇಕು, ಏಕೆಂದರೆ ಅವರು ಹೇಳಿಕೊಳ್ಳುವುದಿಲ್ಲ. ಸಾಮಾನ್ಯ ರಕ್ತದಾನ ಹತ್ತು ನಿಮಿಷಗಳ ಕೆಲಸ. ಪ್ಲೇಟ್‌ಲೆಟ್ ದಾನದಲ್ಲಿ ರಕ್ತವನ್ನು ಯಂತ್ರದೊಳಗೆ ಹಾಯಿಸಿ, ಪ್ಲೇಟ್‌ಲೆಟ್ ಮಾತ್ರ ಬೇರ್ಪಡಿಸಿಕೊಂಡು, ಉಳಿದದ್ದನ್ನು ದಾನಿಯ ಮೈಗೇ ಹಿಂದಿರುಗಿಸುತ್ತಾರೆ. ಇದಕ್ಕೆ ಒಂದರಿಂದ ಎರಡು ಗಂಟೆ ಹಿಡಿಯುತ್ತದೆ. ರಕ್ತ ಯಂತ್ರದಲ್ಲಿ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್ ದಾನಿಯ ಮೈಯಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ತುಟಿ ಮತ್ತು ಬೆರಳ ತುದಿಗಳು ಜುಮುಗುಡುತ್ತವೆ. ನಾವು ಯಂತ್ರದ ವೇಗ ತಗ್ಗಿಸುತ್ತೇವೆ, ಕ್ಯಾಲ್ಸಿಯಂ ಕೊಡುತ್ತೇವೆ, ಅದು ಶಮನವಾಗುತ್ತದೆ. ಕೆಂಪುಕಣಗಳು ವಾಪಸು ಹೋಗಿರುವುದರಿಂದ ಇಂಥ ದಾನಿ ಬೇಗ ಸುಧಾರಿಸಿಕೊಳ್ಳುತ್ತಾರೆ. ಇಡೀ ರಕ್ತ ಕೊಟ್ಟವರು ಆಯಾ ದೇಶದ ನಿಯಮದಂತೆ ಎಂಟರಿಂದ ಹದಿನಾರು ವಾರ ಕಾಯಬೇಕಾದರೆ, ಪ್ಲೇಟ್‌ಲೆಟ್ ದಾನಕ್ಕೆ ಹಲವು ದೇಶಗಳಲ್ಲಿ ವರ್ಷಕ್ಕೆ 24 ಸಲದವರೆಗೆ ಅವಕಾಶವಿದೆ.

ರಕ್ತಸಂಬಂಧಿಗಳ ವಿಷಯದಲ್ಲಿ ಇನ್ನೊಂದು ಕಾರಣವನ್ನು ಸೇರಿಸುತ್ತೇನೆ. ದಾನಿಯ ರಕ್ತದಲ್ಲಿರುವ ಕೆಲವು ಬಿಳಿಕಣಗಳು ರೋಗಿಯ ದೇಹದೊಳಗೆ ನೆಲೆನಿಂತು ಅದರ ಮೇಲೆಯೇ ದಾಳಿ ಮಾಡುವ ಸಂದರ್ಭಗಳುಂಟು. ಇದು ಅಪರೂಪ, ಆದರೆ ಬಂದರೆ ಬಹುತೇಕ ಪ್ರಾಣಾಂತಿಕ. ರಕ್ತಸಂಬಂಧಿಗಳ ರಕ್ತದಲ್ಲಿ ಇದರ ಅಪಾಯ ಹೆಚ್ಚು, ಏಕೆಂದರೆ ಹೋಲಿಕೆ ಇರುವ ಕೋಶಗಳನ್ನು ರೋಗಿಯ ದೇಹ ಹೊರಗಿನವು ಎಂದು ಗುರುತಿಸುವುದಿಲ್ಲ. ಇಂಥ ರೋಗಿಗಳಿಗೆ ಕೊಡುವ ರಕ್ತದ ಚೀಲವನ್ನು ನಾವು ಸುಮಾರು 25 ಗ್ರೇ ಪ್ರಮಾಣದ ವಿಕಿರಣಕ್ಕೆ ಒಡ್ಡಿ, ಆ ಬಿಳಿಕಣಗಳು ವೃದ್ಧಿಯಾಗದಂತೆ ಮಾಡಿ ಕಳಿಸುತ್ತೇವೆ.

ಕೃತಜ್ಞತೆಯನ್ನು ಹೇಗಾದರೂ ತೋರಿಸಲೇಬೇಕೆಂದಿದ್ದರೆ ಆರೋಗ್ಯವಂತರಾದ ಒಬ್ಬರನ್ನು ನಿಯಮಿತ ದಾನಿಯಾಗುವಂತೆ ಮಾಡಿ. ರಕ್ತದ ಗುಂಪುಗಳನ್ನು 1901ರಲ್ಲಿ ವಿವರಿಸಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರ ಜನ್ಮದಿನವಾದ ಜೂನ್ 14ನ್ನು 2004ರಿಂದ ವಿಶ್ವ ರಕ್ತದಾನಿಗಳ ದಿನವೆಂದು ಆಚರಿಸುತ್ತಾರೆ. ಅವತ್ತು ನಮ್ಮಲ್ಲಿ ಕುರ್ಚಿ ಸಿಗದಷ್ಟು ಜನ. ಅದರ ಮುಂದಿನ ವಾರ ಬರುವ ಒಬ್ಬರು ನಮಗೆ ಹೆಚ್ಚು ಬೇಕು.

ಪಟ್ಟಿಯಲ್ಲಿದ್ದ ಒಬ್ಬ ಸದಸ್ಯ

ನಾನು ಆ ಹಾಳೆಯಲ್ಲಿ ಎರಡನೆಯ ಹೆಸರಾಗಿದ್ದವನು. "ಕಾದಿರಿ" ಎಂದು ನನಗೆ ಹಲವು ಸಲ ಹೇಳಿದರು, ರಾತ್ರಿ "ಬೇಡವಾಯಿತು" ಎಂದೂ ಅಷ್ಟೇ ಸಲ ಹೇಳಿದರು. ಒಮ್ಮೆಯೂ ಕೊಡುವ ಸರದಿ ಬರಲಿಲ್ಲ. ಹಾಗಾಗಿ ಈ ಧನ್ಯವಾದದಲ್ಲಿ ನನಗೆ ಪಾಲಿಲ್ಲವೆಂದು ತಿಳಿದು ಸುಮ್ಮನೆ ಓದಿಕೊಂಡು ಹೋಗುತ್ತಿದ್ದೆ. ತಲೆನೋವು ಬಂದಾಗ ಮಾತ್ರೆಯ ಹೆಸರನ್ನು ಎರಡೆರಡು ಸಲ ಓದಿ ನುಂಗುವ ಅಭ್ಯಾಸವಂತೂ ಅಂದಿನಿಂದ ಅಂಟಿಕೊಂಡಿದೆ.

ವಿಷಯ ಆರಂಭಿಸಿದವರು

ನಿಮಗೆ ಪಾಲಿಲ್ಲವೆಂದು ಯಾರು ಹೇಳಿದರು? ಮೊದಲನೆಯವರಿಗೆ ನೆಗಡಿಯೋ ಜ್ವರವೋ ಬಂದರೆ ಏನು ಗತಿ ಎಂಬ ಚಿಂತೆ ಆ ರಾತ್ರಿಗಳಲ್ಲಿ ನನಗೆ ಇರಲಿಲ್ಲವೆಂದರೆ ಅದಕ್ಕೆ ನೀವೇ ಕಾರಣ. ಸಂಜೆಯ ಬೇರೆ ಕೆಲಸ ಬದಿಗಿಟ್ಟು, ಮನೆಯಲ್ಲಿ ಹೇಳಿ, ಹೊರಡಲು ಸಿದ್ಧರಾಗಿ ಕುಳಿತು, ಕೊನೆಗೆ ಹೋಗದೆ ಉಳಿದವರು ನಿಮ್ಮಂಥವರು ಎಷ್ಟು ಜನರೋ. ನಿಮಗೆಲ್ಲ ಪ್ರತ್ಯೇಕವಾಗಿ ನಮಸ್ಕಾರ ಹೇಳುತ್ತೇನೆ.

ಹಿಂದೆ ಇದೇ ಚಿಕಿತ್ಸೆ ಪಡೆದ ಸದಸ್ಯರು

ಈ ಚರ್ಚೆಯಲ್ಲಿ ಸ್ವಲ್ಪ ಅಪಸ್ವರ ಎತ್ತುತ್ತಿದ್ದೇನೆ, ಕ್ಷಮೆಯಿರಲಿ. ನಾನು ಹಾಸಿಗೆಯ ಮೇಲಿದ್ದವನು, ನೀವು ಹಾಸಿಗೆಯ ಪಕ್ಕದಲ್ಲಿದ್ದವರು. ಎರಡು ಜಾಗಗಳಿಂದ ಕಾಣುವ ನೋಟ ಒಂದೇ ಅಲ್ಲ.

ಕಾಯಿಲೆ ಬಿದ್ದವನು ಸದಾ ಕೃತಜ್ಞನಾಗಿರಬೇಕು ಎಂಬ ನಿರೀಕ್ಷೆಯೊಂದು ಸುತ್ತ ಇರುತ್ತದೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಂದವರೆಲ್ಲರಿಗೂ ಎದ್ದು ಕುಳಿತು ನಗಬೇಕು, ಹೇಗಿದ್ದೀರಿ ಎಂದವರಿಗೆಲ್ಲ ಅದೇ ವರದಿಯನ್ನು ಮೊದಲಿನಿಂದ ಒಪ್ಪಿಸಬೇಕು, ಎಷ್ಟು ಉಪಕಾರ ಮಾಡಿದಿರಿ ಎನ್ನಬೇಕು. ಬಾಯಿಯೊಳಗೆಲ್ಲ ಹುಣ್ಣಾಗಿ ಎಂಜಲು ನುಂಗಲೂ ಆಗದ ಸ್ಥಿತಿಯಲ್ಲಿ, ಸಂದೇಶಗಳಿಗೆ ಉತ್ತರ ಬರೆಯಲಿಲ್ಲವೆಂಬ ಅಪರಾಧಿ ಭಾವದಿಂದ ನಾನು ಒದ್ದಾಡಿದ್ದುಂಟು. ನನ್ನ ಗೆಳೆಯನೊಬ್ಬ ಮಾತ್ರ ಪ್ರತಿ ಸಂದೇಶದ ಕೊನೆಗೆ "ಉತ್ತರ ಬೇಡ" ಎಂದು ಬರೆಯುತ್ತಿದ್ದ. ಅವನ ಸಂದೇಶಗಳನ್ನು ಮಾತ್ರ ನಾನು ಕಾದು ಓದುತ್ತಿದ್ದೆ. ಅವುಗಳಲ್ಲಿ ನನ್ನ ಕಾಯಿಲೆಯ ವಿಚಾರ ಇರುತ್ತಿರಲಿಲ್ಲ, ಅವನ ಕಚೇರಿಯ ಜಗಳ, ಕೆಟ್ಟು ನಿಂತ ಅವನ ವಾಹನ, ಇಂಥವೇ.

ಇನ್ನು ಔಷಧ ಸೂಚಿಸುವವರ ಕಾಟ. ಪ್ರೀತಿಯಿಂದಲೇ ತರುತ್ತಾರೆ, ಬೇಡವೆಂದರೆ ನೊಂದುಕೊಳ್ಳುತ್ತಾರೆ. ಆದರೆ ಕೆಲವು ಗಿಡಮೂಲಿಕೆಗಳು ಕಸಿಯ ನಂತರ ದೇಹದ ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕಲು ಕೊಡುವ ಸೈಕ್ಲೋಸ್ಪೋರಿನ್‌ನಂಥ ಔಷಧದ ಮಟ್ಟವನ್ನು ರಕ್ತದಲ್ಲಿ ಏರುಪೇರು ಮಾಡಿಬಿಡುತ್ತವೆ, ಅದರ ಪರಿಣಾಮವನ್ನು ಅನುಭವಿಸುವವನು ರೋಗಿ. ಹೂವಿನ ಮಾತೂ ಹೀಗೆಯೇ. ಬಿಳಿಕಣ ಕಡಿಮೆಯಾದವರ ಕೋಣೆಗೆ ತಾಜಾ ಹೂವು, ಕುಂಡದ ಗಿಡ ತರಬಾರದು, ಹೂದಾನಿಯ ನೀರಿನಲ್ಲಿ ಬ್ಯಾಕ್ಟೀರಿಯ ಬೆಳೆಯುತ್ತವೆ, ಮಣ್ಣಿನಲ್ಲಿ ಶಿಲೀಂಧ್ರದ ಬೀಜಕಣಗಳಿರುತ್ತವೆ. ಬಾಗಿಲಲ್ಲಿ ತಡೆದ ಶುಶ್ರೂಷಕಿಯ ಮೇಲೆ ಸಿಟ್ಟಾದವರನ್ನು ನಾನೇ ಸಮಾಧಾನ ಮಾಡಬೇಕಾಯಿತು.

ಆದುದರಿಂದ ನನ್ನ ಕೋರಿಕೆ ಇಷ್ಟೇ. ನಿಮ್ಮ ಪತಿಯವರ ಪರವಾಗಿ ನೀವು ಧನ್ಯವಾದ ಹೇಳಿಬಿಡಿ, ಅವರಿಂದ ಹೇಳಿಸಬೇಡಿ. ಅವರಿಗೆ ಬೇಕೆನಿಸಿದಾಗ ಅವರೇ ಹೇಳುತ್ತಾರೆ.

ವಿಷಯ ಆರಂಭಿಸಿದವರು

ನಿಮ್ಮ ಪ್ರತಿಕ್ರಿಯೆಯನ್ನು ನನ್ನ ಪತಿಗೆ ಓದಿ ಹೇಳಿದೆ. ಹುಣ್ಣಿನ ಭಾಗ ಬಂದಾಗ ತಲೆಯಾಡಿಸಿದರು, ಶುಶ್ರೂಷಕಿಯ ಭಾಗಕ್ಕೆ ನಕ್ಕರು. ಇದಕ್ಕೆ ಉತ್ತರ ಬರೆಯಲೇ ಎಂದು ಕೇಳಿದ್ದಕ್ಕೆ "ಉತ್ತರ ಬೇಡ ಎಂದು ಬರೆದಿದ್ದಾರಲ್ಲ" ಎಂದರು. ಆದ್ದರಿಂದ ಇದು ನನ್ನ ಉತ್ತರವಷ್ಟೇ.

ಭೇಟಿಗೆ ಬರುವವರ ವಿಷಯದಲ್ಲಿ ಒಂದು ವ್ಯವಸ್ಥೆ ನಮಗೆ ನೆರವಾಯಿತು. ನನ್ನ ಚಿಕ್ಕಮ್ಮನ ಮಗ ಎಲ್ಲ ಸುದ್ದಿಗೂ ತಾನೊಬ್ಬನೇ ಬಾಯಿಯೆಂದು ಮೊದಲ ವಾರವೇ ಘೋಷಿಸಿಬಿಟ್ಟ. ವಾರಕ್ಕೆ ಎರಡು ಸಲ ಅವನು ನನ್ನಿಂದ ಐದಾರು ವಾಕ್ಯ ಪಡೆದು ಎಲ್ಲರಿಗೂ ಕಳಿಸುತ್ತಿದ್ದ. ಪರೀಕ್ಷೆಯ ಅಂಕಿ ಅಂಶಗಳನ್ನು ಅವನು ಬರೆಯುತ್ತಿರಲಿಲ್ಲ, ಚಿತ್ರಗಳನ್ನಂತೂ ಕಳಿಸಲೇ ಇಲ್ಲ. ಕೂದಲು ಉದುರಿದ ಮುಖದ ಚಿತ್ರ ಯಾರ ಕೈಗೂ ಸಿಗಬಾರದೆಂಬುದು ನನ್ನ ಪತಿಯ ಒಂದೇ ಷರತ್ತಾಗಿತ್ತು, ನೀವೆಲ್ಲರೂ ಅದನ್ನು ಗೌರವಿಸಿದಿರಿ.

ಹಣದ ಲೆಕ್ಕ ನೋಡಿಕೊಂಡ ಸದಸ್ಯರು

ಹಣ ಸಂಗ್ರಹದ ಬಗ್ಗೆ ಕೆಲವರು ಖಾಸಗಿಯಾಗಿ ಕೇಳಿರುವುದರಿಂದ ಇಲ್ಲಿಯೇ ತಿಳಿಸುತ್ತೇನೆ. ಬಂದ ಹಣ, ಆದ ಖರ್ಚು, ಉಳಿಕೆ, ಇವುಗಳ ಲೆಕ್ಕವನ್ನು ಕೊಟ್ಟವರೆಲ್ಲರಿಗೂ ಕಳಿಸಲಾಗಿದೆ. ಯಾರು ಎಷ್ಟು ಕೊಟ್ಟರೆಂಬುದು ಕುಟುಂಬಕ್ಕೆ ತಿಳಿಯಬಾರದೆಂದು ನಾವು ಮೊದಲೇ ತೀರ್ಮಾನಿಸಿದ್ದೆವು, ಒಟ್ಟು ಮೊತ್ತ ಮಾತ್ರ ಅವರಿಗೆ ಗೊತ್ತು. ಉಳಿಕೆಯನ್ನು ಇಂಥದೇ ಇನ್ನೊಂದು ಕುಟುಂಬಕ್ಕೆ ಕೊಡಬೇಕೆಂಬುದು ಅವರ ಇಚ್ಛೆ, ಕೊಟ್ಟವರಲ್ಲಿ ಯಾರದ್ದೂ ಆಕ್ಷೇಪಣೆ ಬಂದಿಲ್ಲ.

ತಾಯಿಯನ್ನು ಕಳೆದುಕೊಂಡ ಸದಸ್ಯೆ

ಇಲ್ಲಿ ಬರೆಯಲೋ ಬೇಡವೋ ಎಂದು ಯೋಚಿಸಿದೆ. ಸಂತೋಷದ ಚರ್ಚೆಯಲ್ಲಿ ಸಾವಿನ ಮಾತು ತರಬಾರದೆನ್ನುವವರು ಇರಬಹುದು. ಆದರೆ ಚೇತರಿಸಿಕೊಂಡ ಮನೆಯವರಷ್ಟೇ ಕೃತಜ್ಞತೆ ಹೇಳುತ್ತಾ ಹೋದರೆ, ಸಹಾಯಕ್ಕೆ ಫಲ ಸಿಗುವುದು ರೋಗಿ ಉಳಿದಾಗ ಮಾತ್ರ ಎಂಬಂತೆ ಕಾಣುತ್ತದೆ. ನನ್ನ ಅಮ್ಮ ಉಳಿಯಲಿಲ್ಲ. ಸಹಾಯ ಮಾಡಿದವರ ಶ್ರಮದಲ್ಲಿ ಯಾವುದೂ ವ್ಯರ್ಥವಾಗಲಿಲ್ಲ ಎಂದು ನಾನು ಹೇಳಬೇಕಾಗಿದೆ.

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ ಕೊನೆಗಾಲದ ಆರೈಕೆಯ ಕೇಂದ್ರವನ್ನು ಆರಂಭಿಸಿದ ಸಿಸಿಲಿ ಸಾಂಡರ್ಸ್ ಅವರು, ಕೊನೆಗಾಲದ ರೋಗಿಯ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಸಂಬಂಧಗಳದು, ಅರ್ಥ ಹುಡುಕುವ ಅಂತರಂಗದ್ದು ಕೂಡ ಎಂದು ಹೇಳಿದರು. ಅವರು ನರ್ಸ್ ಆಗಿದ್ದು, ಸಮಾಜಸೇವಾ ಕಾರ್ಯಕರ್ತೆಯಾಗಿದ್ದು, ಅನಂತರ ವೈದ್ಯೆಯಾದವರು, ಹಾಗಾಗಿ ಮೂರೂ ಕಡೆಯಿಂದ ನೋಡಬಲ್ಲವರಾಗಿದ್ದರು. ಮನೆಯವರನ್ನು ನೋಡಿಕೊಳ್ಳುವುದೂ ಚಿಕಿತ್ಸೆಯ ಭಾಗ ಎಂಬ ವಿಚಾರ ಉಪಶಾಮಕ ಆರೈಕೆಯಲ್ಲಿ ಇಂದು ಎಲ್ಲ ಕಡೆ ಒಪ್ಪಿತವಾಗಿದೆ. ನಮ್ಮ ಮನೆಯಲ್ಲಿ ಅದನ್ನು ಮಾಡಿದ್ದು ಅಕ್ಕಪಕ್ಕದವರು. ನೋವು ತಗ್ಗಿಸುವ ಮಾರ್ಫಿನ್ ಕೊಡುವ ಹೊತ್ತುಗಳನ್ನು ಹಾಳೆಯಲ್ಲಿ ಗುರುತು ಹಾಕುತ್ತ ನಾನು ರಾತ್ರಿಯಿಡೀ ಎಚ್ಚರವಿರುತ್ತಿದ್ದೆ. ಪಕ್ಕದ ಮನೆಯ ಹಿರಿಯರು ಬೆಳಗಿನ ಜಾವ ಬಂದು ಕುರ್ಚಿಯಲ್ಲಿ ಕುಳಿತು, ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮಲಗು ಎನ್ನುತ್ತಿದ್ದರು. ಅವರು ಹೆಚ್ಚು ಮಾತಾಡಿದ್ದು ನನಗೆ ನೆನಪಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ನೆನೆಯುವುದು ಆಮೇಲೆ ಬಂದವರನ್ನು. ಮೊದಲ ದಿನಗಳಲ್ಲಿ ಮನೆ ತುಂಬ ಜನ, ಅದು ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಕೆಲಸಗಳಿಗೆ ಹೋಗಲೇಬೇಕು, ತಪ್ಪೇನಿಲ್ಲ. ಆದರೆ ಬಾಡಿಗೆಗೆ ತಂದಿದ್ದ ಆಮ್ಲಜನಕದ ಯಂತ್ರ ಮೂಲೆಯಲ್ಲಿ ಹಾಗೆಯೇ ಇತ್ತು. ಅರ್ಧ ಉಳಿದ ಔಷಧಗಳು ಕಪಾಟಿನಲ್ಲಿದ್ದವು. ಮಾರ್ಫಿನ್ ಅನ್ನು ಕಸಕ್ಕೆ ಎಸೆಯುವಂತಿಲ್ಲ, ಲೆಕ್ಕ ಒಪ್ಪಿಸಿ ಹಿಂದಿರುಗಿಸಬೇಕು. ಬ್ಯಾಂಕಿನಲ್ಲಿ ತುಂಬಬೇಕಾದ ನಮೂನೆಗಳಿದ್ದವು. ನನ್ನ ಅಮ್ಮನ ಹಳೆಯ ಸಹೋದ್ಯೋಗಿಯೊಬ್ಬರು ಆಗ ಬಂದು, ನನ್ನ ಒಪ್ಪಿಗೆ ಕೇಳಿ, ಒಂದೊಂದನ್ನೇ ನಿವಾರಿಸಿದರು. ಅಮ್ಮನ ಕನ್ನಡಕವನ್ನು ಮಾತ್ರ ಅವರು ಮುಟ್ಟಲಿಲ್ಲ, ಅದನ್ನು ಏನು ಮಾಡಬೇಕೆಂದು ಕೇಳಲೂ ಇಲ್ಲ.

ಹೊಸ ಸದಸ್ಯರು

ಎಲ್ಲರೂ ಸಹಾಯ ಮಾಡಿದವರ ಬಗ್ಗೆ ಬರೆದಿದ್ದೀರಿ. ಹತ್ತಿರದವರಾಗಿದ್ದೂ ಬಾರದೆ ಇದ್ದವರು ನಿಮ್ಮ ಅನುಭವದಲ್ಲಿ ಇರಲಿಲ್ಲವೇ? ಅವರ ವಿಷಯದಲ್ಲಿ ನಿಮಗೆ ಈಗ ಏನೆನಿಸುತ್ತದೆ?

ವಿಷಯ ಆರಂಭಿಸಿದವರು

ಮೊದಲು ತಾಯಿಯನ್ನು ಕಳೆದುಕೊಂಡ ಸಹೋದರಿಗೆ: ನೀವು ಬರೆದದ್ದು ಒಳ್ಳೆಯದಾಯಿತು. ನಮ್ಮ ಪಕ್ಕದ ಕೋಣೆಗಳಲ್ಲಿ ಇದ್ದವರೆಲ್ಲರೂ ಮನೆಗೆ ಮರಳಲಿಲ್ಲ. ಅವರ ಮನೆಯವರು ತಮ್ಮ ದುಃಖದ ನಡುವೆಯೂ ನನ್ನ ಕೈ ಅದುಮಿ ಹೋದದ್ದನ್ನು ಈ ಪಟ್ಟಿಯಲ್ಲಿ ಎಲ್ಲಿ ಸೇರಿಸಬೇಕೋ ನನಗೆ ತಿಳಿಯುವುದಿಲ್ಲ.

ಹೊಸ ಸದಸ್ಯರ ಪ್ರಶ್ನೆಗೆ: ಇದ್ದರು. ಅವರ ಮೇಲೆ ನನಗೆ ಬೇಸರವಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಕೆಲವರಿಗೆ ಆಸ್ಪತ್ರೆ ಎಂದರೆ ಭಯ, ಕೆಲವರ ಮನೆಯಲ್ಲಿ ನಮಗೆ ಗೊತ್ತಿಲ್ಲದ ತಾಪತ್ರಯಗಳಿರಬಹುದು, ಇದೆಲ್ಲ ತಿಳಿದಿದ್ದರೂ ಒಬ್ಬರಿಬ್ಬರ ವಿಷಯದಲ್ಲಿ ಮನಸ್ಸು ಇನ್ನೂ ತಿಳಿಯಾಗಿಲ್ಲ. ನನ್ನ ಪತಿಗೆ ಈ ಲೆಕ್ಕ ಇಷ್ಟವಿಲ್ಲ. ಕೃತಜ್ಞತೆಯ ಹೆಸರಿನಲ್ಲಿ ಬಂದವರ ಪಟ್ಟಿ ಮಾಡಿದರೆ ಬಾರದವರ ಪಟ್ಟಿ ತಾನಾಗಿಯೇ ಅದರ ಬೆನ್ನ ಹಿಂದೆ ತಯಾರಾಗುತ್ತದೆ ಎಂದು ಅವರು ಹೇಳುತ್ತಾರೆ, ಅವರ ಮಾತಿನಲ್ಲಿ ಹುರುಳಿದೆ. ನಾನು ಹೆಸರುಗಳನ್ನು ಬರೆದಿಟ್ಟಿದ್ದ ಪುಸ್ತಕದಲ್ಲಿ ಮುಂದೆ ಬರೆಯುವುದನ್ನು ನಿಲ್ಲಿಸಿದ್ದೇನೆ.

ಕಸಿಯ ನಂತರದ ಕಾಲದ ಬಗ್ಗೆ ಹೇಳದೆ ಮುಗಿಸಲಾರೆ, ಏಕೆಂದರೆ ಆ ಕಾಲದಲ್ಲಿ ಜೊತೆಗಿದ್ದವರು ಕಡಿಮೆ, ಅವರ ತೂಕ ಹೆಚ್ಚು. ಕಸಿ ಎಂದರೆ ದೊಡ್ಡ ಶಸ್ತ್ರಚಿಕಿತ್ಸೆ ಎಂದು ಅನೇಕರು ತಿಳಿದಿದ್ದಾರೆ. ನನ್ನ ಮೈದುನನಿಗೆ ನಾಲ್ಕೈದು ದಿನ ಚುಚ್ಚುಮದ್ದು ಕೊಟ್ಟು, ಆಮೇಲೆ ಯಂತ್ರದ ಮೂಲಕ ಅವರ ರಕ್ತದಿಂದ ಆಕರಕೋಶಗಳನ್ನು, ಅಂದರೆ ಹೊಸ ರಕ್ತಕಣಗಳನ್ನು ಹುಟ್ಟಿಸುವ ಮೂಲ ಕೋಶಗಳನ್ನು, ಬೇರ್ಪಡಿಸಿದರು, ಮೂಳೆನೋವಿನಿಂದ ಅವರು ನರಳಿದರೂ ನಮ್ಮೆದುರು ತೋರಿಸಿಕೊಳ್ಳಲಿಲ್ಲ. ಆ ಕೋಶಗಳನ್ನು ರಕ್ತ ಕೊಟ್ಟಂತೆಯೇ ಚೀಲದಿಂದ ನಾಳಕ್ಕೆ ಹರಿಸಿದರು, ಅವು ಮಜ್ಜೆಗೆ ದಾರಿಯನ್ನು ತಾವೇ ಹುಡುಕಿಕೊಂಡವು. ಈ ದಾರಿಯನ್ನು 1957ರಿಂದ ದಶಕಗಳ ಕಾಲ ಸೋಲುಗಳ ನಡುವೆ ಕಡಿದು ಮಾಡಿದ ಡಾ. ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಬಂದಿದೆ. ಅವರಿಗೂ ನನ್ನದೊಂದು ನಮಸ್ಕಾರ ಸಲ್ಲಬೇಕು.

ಮೊದಲ ನೂರು ದಿನ ಎಚ್ಚರಿಕೆಯ ಕಾಲ. ಬಾಲ್ಯದಲ್ಲಿ ಹಾಕಿಸಿಕೊಂಡ ಲಸಿಕೆಗಳ ರಕ್ಷಣೆಯೂ ಬಹುಪಾಲು ಅಳಿಸಿಹೋಗುವುದರಿಂದ ಅವನ್ನು ಮತ್ತೆ ಮೊದಲಿನಿಂದ ಹಾಕಿಸಬೇಕು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಯಾವ ಹೊತ್ತಾದರೂ ಆಸ್ಪತ್ರೆಗೆ ಓಡಬೇಕು. ರಾತ್ರಿ ಎಷ್ಟು ಹೊತ್ತಿಗೆ ಕರೆದರೂ ವಾಹನ ತರುತ್ತೇನೆಂದು ಹೇಳಿ, ಕೀಲಿಕೈಯನ್ನು ಬಾಗಿಲ ಬಳಿಯೇ ಇಟ್ಟುಕೊಂಡು ಮಲಗುತ್ತಿದ್ದವರೊಬ್ಬರು ಈ ಬಳಗದಲ್ಲಿದ್ದಾರೆ. ನಮ್ಮ ಮಹಡಿಯ ಮನೆಗಳವರು ನಾವು ಕೇಳುವ ಮುಂಚೆಯೇ ಫ್ಲೂ ಲಸಿಕೆ ಹಾಕಿಸಿಕೊಂಡು ಬಂದಿದ್ದರು. ಎಲ್ಲವೂ ಮುಗಿಯಿತು, ಇನ್ನೇನು ಎಂದು ಸುದ್ದಿ ತಣ್ಣಗಾದ ಆ ತಿಂಗಳುಗಳಲ್ಲಿ ಇವರು ಮಾಡಿದ್ದು ಯಾರ ಕಣ್ಣಿಗೂ ಬಿದ್ದಿಲ್ಲ.

ಒಂದು ತಮಾಷೆಯ ಸಂಗತಿ. ನನ್ನ ಪತಿಯದು ಬಿ ಗುಂಪಿನ ರಕ್ತವಾಗಿತ್ತು, ತಮ್ಮನದು ಓ ಗುಂಪು. ಮಜ್ಜೆಯ ಹೊಂದಾಣಿಕೆಗೆ ರಕ್ತದ ಗುಂಪು ಒಂದೇ ಆಗಿರಬೇಕಿಲ್ಲ. ಹೊಸ ಮಜ್ಜೆ ನೆಲೆನಿಂತ ಮೇಲೆ ಇವರ ರಕ್ತವೂ ನಿಧಾನವಾಗಿ ಓ ಗುಂಪಿಗೆ ತಿರುಗಿತು. ಚಿಕ್ಕಂದಿನಿಂದ ತಮ್ಮನ ಮೇಲೆ ನಡೆಸಿಕೊಂಡು ಬಂದ ಅಧಿಕಾರ ಇನ್ನು ನಡೆಯದು ಎಂದು ಇವರು ಗೊಣಗುತ್ತಿರುತ್ತಾರೆ.

ಹಾಳೆ ನೋಡಿಕೊಂಡವರು

ನನ್ನ ಬಗ್ಗೆ ಬರೆಯಬಾರದೆಂದು ಹೇಳಿದ್ದರೂ ಬರೆದಿದ್ದೀರಿ, ಇರಲಿ. ಈಗ ಕೆಲಸದ ಮಾತು.

ಪಟ್ಟಿಯಲ್ಲಿರುವವರ ಒಪ್ಪಿಗೆ ಈ ಒಂದು ಕುಟುಂಬಕ್ಕಾಗಿ ಪಡೆದದ್ದು. ಅದನ್ನು ಇನ್ನೊಬ್ಬರಿಗೆ ಬಳಸಬೇಕಾದರೆ ಮತ್ತೆ ಕೇಳಬೇಕು. ಇದೇ ಕಾಯಿಲೆಯ ಚಿಕಿತ್ಸೆ ಆರಂಭಿಸಿರುವ ಇನ್ನೊಂದು ಮನೆಯವರು ನನ್ನನ್ನು ಸಂಪರ್ಕಿಸಿದ್ದಾರೆ, ರೋಗಿಯದು ಎ ಗುಂಪು. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ನಾನು ಸಂದೇಶ ಕಳಿಸುತ್ತಿದ್ದೇನೆ. ಮುಂದುವರಿಯುತ್ತೇನೆ ಎಂದೋ ಬೇಡ ಎಂದೋ ಒಂದು ಪದದಲ್ಲಿ ತಿಳಿಸಿ, ಬೇಡ ಎಂದವರ ಹೆಸರನ್ನು ಕಾರಣ ಕೇಳದೆ ತೆಗೆಯುತ್ತೇನೆ. ಎರಡನೆಯವರಾಗಿ ಕಾದಿದ್ದ ಸದಸ್ಯರು ಮುಂದುವರಿಯುವುದಾದರೆ ಈ ಸಲ ಮೊದಲನೆಯವರಾಗಿ ಬರೆದುಕೊಳ್ಳುತ್ತೇನೆ. ಸಂಜೆ ಕರೆ ಮಾಡುವ ಕೆಲಸಕ್ಕೆ ನನ್ನ ಜೊತೆ ಇನ್ನೊಬ್ಬರು ಬೇಕು, ಸೋಮವಾರದಿಂದ.